ಹದಿನೆಂಟು ತುಂಬಿದೆ, ಪಟ್ಟಿಯಲ್ಲಿ ಹೆಸರಿಲ್ಲ: ಯುವಜನರ ಮತದಾರ ನೋಂದಣಿ ಎಲ್ಲೆಲ್ಲಿ ನಿಂತುಹೋಗುತ್ತದೆ?

"ಈಗಿನ ಹುಡುಗರಿಗೆ ವೋಟು ಹಾಕುವ ಆಸಕ್ತಿಯೇ ಇಲ್ಲ." ಪ್ರತಿ ಚುನಾವಣೆಯ ಮರುದಿನ ಈ ಮಾತು ಕೇಳಿಬರುತ್ತದೆ. ಯಾವ ದೇಶಕ್ಕೆ ಹೋದರೂ ಹೆಚ್ಚುಕಮ್ಮಿ ಇದೇ ಮಾತು. ಇದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ಹೀಗೆ ಹೇಳುವವರು ಒಂದು ಮೆಟ್ಟಿಲನ್ನು ಮರೆಯುತ್ತಾರೆ. ಮತಗಟ್ಟೆಗೆ ಹೋಗುವ ಮೊದಲು ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಹೆಸರಿಲ್ಲದವರು ಎಷ್ಟೇ ಆಸೆಯಿಂದ ಸಾಲಿನಲ್ಲಿ ನಿಂತರೂ ಸುಮ್ನೆ ವಾಪಸ್ ಬರಬೇಕು.

ಭಾರತದ ಒಂದು ಲೆಕ್ಕ ನೋಡಿ. 2024ರ ಲೋಕಸಭಾ ಚುನಾವಣೆ ಘೋಷಿಸುವಾಗ ಚುನಾವಣಾ ಆಯೋಗ ಹೇಳಿದ ಪ್ರಕಾರ ಒಟ್ಟು ಮತದಾರರು ಸುಮಾರು 97 ಕೋಟಿ. ಅವರಲ್ಲಿ ಮೊದಲ ಸಲ ವೋಟು ಹಾಕುವ 18–19ರ ವಯಸ್ಸಿನವರು ಸುಮಾರು 1.8 ಕೋಟಿ. ದೊಡ್ಡ ಸಂಖ್ಯೆಯೇ, ಅಲ್ವಾ? ಆದರೆ ಈ ದೇಶದಲ್ಲಿ ಒಂದೊಂದು ವರ್ಷ ಹುಟ್ಟುವ ಮಕ್ಕಳೇ ಎರಡು ಕೋಟಿಗೂ ಜಾಸ್ತಿ. ಹದಿನೆಂಟು ಮತ್ತು ಹತ್ತೊಂಬತ್ತು ಅಂದರೆ ಎರಡು ವರ್ಷಗಳಲ್ಲಿ ಹುಟ್ಟಿದವರು. ಅವರೆಲ್ಲ ಸೇರಿದ್ದರೆ ಸಂಖ್ಯೆ ನಾಲ್ಕು ಕೋಟಿಯ ಆಸುಪಾಸಿನಲ್ಲಿ ಇರಬೇಕಿತ್ತು. ಅರ್ಧಕ್ಕಿಂತ ಜಾಸ್ತಿ ಜನ ಪಟ್ಟಿಯ ಹೊರಗೇ ಉಳಿದಿದ್ದರು. ಮತದಾನದ ಶೇಕಡಾವಾರು ಲೆಕ್ಕವನ್ನು ಪಟ್ಟಿಯಲ್ಲಿರುವವರ ಮೇಲೆ ಹಾಕುವುದರಿಂದ ಇವರು ಆ ಲೆಕ್ಕದಲ್ಲೂ ಕಾಣುವುದಿಲ್ಲ.

ಇಷ್ಟು ಜನ ಒಟ್ಟಿಗೆ ಸೋಮಾರಿಗಳಾಗಿರಲು ಸಾಧ್ಯವಿಲ್ಲ. ನನ್ನ ಪ್ರಕಾರ ತೊಂದರೆ ಪಟ್ಟಿ ಮಾಡುವ ರೀತಿಯಲ್ಲೇ ಇದೆ. ಒಂದೇ ಮನೆಯಲ್ಲಿ ಬಹಳ ಕಾಲ ಇರುವವರು, ಕೈಯಲ್ಲಿ ಬೇಕಾದ ಕಾಗದವೆಲ್ಲ ಇರುವವರು, ಹಿಂದೆ ಒಮ್ಮೆ ಈ ಕೆಲಸ ಮಾಡಿ ಗೊತ್ತಿರುವವರು: ಇಂಥವರಿಗೆ ಈ ವ್ಯವಸ್ಥೆ ಸಲೀಸು. ಹದಿನೆಂಟರಿಂದ ಇಪ್ಪತ್ತೈದರ ವಯಸ್ಸಿನಲ್ಲಿ ಈ ಮೂರೂ ಇರುವುದಿಲ್ಲ.

ಪಟ್ಟಿ ಹುಟ್ಟಿದ್ದೇ ಆಸ್ತಿವಂತರಿಗಾಗಿ

ಬ್ರಿಟನ್ನಿನಲ್ಲಿ ಮತದಾರರ ಪಟ್ಟಿ ಕಾನೂನಿನ ಮೂಲಕ ಬಂದದ್ದು 1832ರ ಸುಧಾರಣಾ ಕಾಯ್ದೆಯಿಂದ. ಆಗ ವೋಟಿದ್ದದ್ದು ನಿಗದಿತ ಬೆಲೆಯ ಆಸ್ತಿಯಿದ್ದ ಗಂಡಸರಿಗೆ ಮಾತ್ರ. ಪಟ್ಟಿಗೆ ಸೇರಲು ಒಂದು ಶಿಲಿಂಗ್ ಶುಲ್ಕವೂ ಇತ್ತು. ಅವರಿಗೆ ಮನೆ ಇತ್ತು, ಜಮೀನಿತ್ತು, ವಿಳಾಸ ವರ್ಷಗಟ್ಟಲೆ ಬದಲಾಗುತ್ತಿರಲಿಲ್ಲ. ಆದ್ದರಿಂದ "ಎಲ್ಲಿ ವಾಸ?" ಎಂಬ ಪ್ರಶ್ನೆ ಪಟ್ಟಿಯ ಬುನಾದಿಯಾಯಿತು.

ಆಮೇಲೆ ಮತದಾರರು ಬದಲಾದರು. ಆಸ್ತಿಯ ಷರತ್ತು ಹೋಯಿತು, ಹೆಂಗಸರಿಗೆ ಹಕ್ಕು ಬಂತು, ವಯಸ್ಸಿನ ಮಿತಿಯೂ ಇಳಿಯಿತು. ಬ್ರಿಟನ್ 1969ರ ಕಾನೂನಿನಿಂದ, ಅಮೆರಿಕ 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿಯಿಂದ, ಭಾರತ 61ನೇ ತಿದ್ದುಪಡಿಯ ಮೂಲಕ 1989ರಲ್ಲಿ ಮಿತಿಯನ್ನು 18ಕ್ಕೆ ಇಳಿಸಿದವು. ಆಸ್ಟ್ರಿಯಾ, ಬ್ರೆಜಿಲ್‌ಗಳಲ್ಲಿ 16ಕ್ಕೇ ವೋಟು ಹಾಕಬಹುದು. ಹಕ್ಕು ಕೊಟ್ಟದ್ದೇನೋ ಆಯಿತು. ಆದರೆ ಪಟ್ಟಿ ಮಾಡುವ ಕ್ರಮ ಹಳೆಯದೇ ಉಳಿಯಿತು. ಆಗಷ್ಟೇ ಮನೆ ಬಿಟ್ಟು ಹೊರಟವರ ಕೈಗೆ ಹಕ್ಕು ಬಂತು, ಅದನ್ನು ಬಳಸಬೇಕಾದರೆ ಮಾತ್ರ ಕದಲದ ಮನೆಯ ವಿಳಾಸ ಬೇಕು.

ಹೊರೆ ಯಾರ ತಲೆಯ ಮೇಲೆ?

ಪಟ್ಟಿಗೆ ಹೆಸರು ಸೇರಿಸುವುದು ಯಾರ ಕೆಲಸ? ಸರ್ಕಾರದ್ದೋ, ಪ್ರಜೆಯದ್ದೋ? ಈ ಒಂದು ಪ್ರಶ್ನೆಗೆ ದೇಶ ಕೊಡುವ ಉತ್ತರದ ಮೇಲೆ ಉಳಿದದ್ದೆಲ್ಲ ನಿಂತಿದೆ.

ಜರ್ಮನಿಯಲ್ಲಿ, ಸ್ವೀಡನ್ನಿನಲ್ಲಿ ಅದು ಸರ್ಕಾರದ ಕೆಲಸ. ಯಾರು ಎಲ್ಲಿದ್ದಾರೆ ಎಂಬ ನಿವಾಸಿಗಳ ದಾಖಲೆ ಹೇಗೂ ಇರುತ್ತದೆ. ಹದಿನೆಂಟು ತುಂಬಿದವರ ಹೆಸರು ಅದರಿಂದಲೇ ಮತದಾರರ ಪಟ್ಟಿಗೆ ಬರುತ್ತದೆ. ಚುನಾವಣೆಗೆ ಮೊದಲು ಮನೆಗೆ ಒಂದು ಕಾಗದ ಬರುತ್ತದೆ, ನಿಮ್ಮ ಮತಗಟ್ಟೆ ಇಂಥಲ್ಲಿ ಎಂದು. ಅಲ್ಲಿನ ಹುಡುಗಿಯೊಬ್ಬಳು ಮೊದಲ ವೋಟಿಗಾಗಿ ಒಂದು ಫಾರಂ ಕೂಡ ತುಂಬಬೇಕಿಲ್ಲ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಬಹಳ ಕಾಲ ಇದು ಪೂರ್ತಿ ಪ್ರಜೆಯ ತಲೆಯ ಮೇಲೇ ಇತ್ತು. ನಾರ್ತ್ ಡಕೋಟಾ ಮಾತ್ರ 1951ರಲ್ಲೇ ನೋಂದಣಿಯನ್ನೇ ತೆಗೆದುಹಾಕಿತು. ಭಾರತ ಇವೆರಡರ ನಡುವೆ ಇದೆ. ಬೂತ್ ಮಟ್ಟದ ಅಧಿಕಾರಿ ಮನೆಗೆ ಬರಬಹುದು, ಆದರೆ ಹೊಸಬರು ನಮೂನೆ 6ರಲ್ಲಿ ಅರ್ಜಿ ಹಾಕಲೇಬೇಕು.

ಈ ಹೊರೆ ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎನ್ನುವುದಕ್ಕೆ ಚಿಲಿ ದೇಶದ ಕಥೆ ಒಳ್ಳೆಯ ಉದಾಹರಣೆ. ಅಲ್ಲಿ 1988ರಲ್ಲಿ ಸೇನಾ ಸರ್ವಾಧಿಕಾರಿ ಪಿನೊಶೆಯ ಆಡಳಿತ ಮುಂದುವರಿಯಬೇಕೇ ಬೇಡವೇ ಎಂಬ ಜನಮತಗಣನೆ ನಡೆಯಿತು. ಜನ ಮುಗಿಬಿದ್ದು ಹೆಸರು ಬರೆಸಿದರು. ಆಮೇಲೆ ಇದ್ದ ನಿಯಮ ವಿಚಿತ್ರವಾಗಿತ್ತು. ಹೆಸರು ಬರೆಸುವುದು ನಿಮ್ಮ ಇಷ್ಟ, ಆದರೆ ಒಮ್ಮೆ ಬರೆಸಿದರೆ ಪ್ರತಿ ಚುನಾವಣೆಯಲ್ಲೂ ವೋಟು ಹಾಕುವುದು ಕಡ್ಡಾಯ, ತಪ್ಪಿದರೆ ದಂಡ. ಹದಿನೆಂಟರ ಹುಡುಗನೊಬ್ಬ ಏನು ಯೋಚಿಸುತ್ತಾನೆ? ಬರೆಸದಿದ್ದರೆ ಏನೂ ತೊಂದರೆಯಿಲ್ಲ, ಬರೆಸಿದರೆ ಜೀವನಪೂರ್ತಿ ಕಟ್ಟುಪಾಡು. ಹೀಗಾಗಿ ಹೊಸಬರು ಬರಲೇ ಇಲ್ಲ. ಪಟ್ಟಿಯಲ್ಲಿದ್ದವರಿಗೆ ವಯಸ್ಸಾಗುತ್ತ ಹೋಯಿತು. ಎರಡು ದಶಕ ಕಳೆಯುವ ಹೊತ್ತಿಗೆ ಯುವಕರ ಹೆಸರು ಹುಡುಕಬೇಕು ಎನ್ನುವಂತಾಗಿತ್ತು.

2012ರಲ್ಲಿ ಕಾನೂನನ್ನು ತಿರುಗಿಸಿದರು. ನೋಂದಣಿ ತಾನಾಗಿಯೇ ಆಗುತ್ತದೆ, ವೋಟು ಹಾಕುವುದು ನಿಮ್ಮ ಇಷ್ಟ. ಸುಮಾರು 80 ಲಕ್ಷವಿದ್ದ ಪಟ್ಟಿ ಒಂದೇ ಏಟಿಗೆ 1.3 ಕೋಟಿ ದಾಟಿತು. ಸುಮಾರು 50 ಲಕ್ಷ ಜನ ಅಲ್ಲಿಯವರೆಗೂ ಅದೇ ದೇಶದಲ್ಲಿದ್ದರು, ಪಟ್ಟಿಗೆ ಮಾತ್ರ ಕಾಣುತ್ತಿರಲಿಲ್ಲ.

ಕಥೆ ಇಲ್ಲಿಗೇ ಮುಗಿಯುವುದಿಲ್ಲ, ಇದನ್ನೂ ಹೇಳಬೇಕು. ಅದೇ ವರ್ಷದ ಸ್ಥಳೀಯ ಚುನಾವಣೆಯಲ್ಲಿ ಅರ್ಧಕ್ಕಿಂತ ಕಡಿಮೆ ಜನ ವೋಟು ಹಾಕಿದರು. ಮುಂದೆ 2022ರ ಜನಮತಗಣನೆಯಲ್ಲಿ ಚಿಲಿ ಮತದಾನವನ್ನು ಮತ್ತೆ ಕಡ್ಡಾಯ ಮಾಡಿತು. ಪಟ್ಟಿಗೆ ಸೇರಿಸಿದ ಮಾತ್ರಕ್ಕೆ ಎಲ್ಲರೂ ಮತಗಟ್ಟೆಗೆ ಬರುವುದಿಲ್ಲ. ಆದರೆ ಬಾಗಿಲು ತೆರೆದ ಮೇಲೆ ಬರದವರನ್ನು "ಯಾಕೆ ಬರಲಿಲ್ಲ?" ಎಂದು ಕೇಳಬಹುದು. ಬಾಗಿಲು ಮುಚ್ಚಿಟ್ಟು ಹಾಗೆ ಕೇಳುವುದು ನ್ಯಾಯವಲ್ಲ.

ಎಲ್ಲಕ್ಕಿಂತ ದೊಡ್ಡ ಗೋಡೆ: ವಿಳಾಸ

ಈ ವಿಷಯದಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು. ಓದಲು ಹೋದ ಊರು ಒಂದು, ಅಪ್ಪ ಅಮ್ಮ ಇರುವ ಊರು ಇನ್ನೊಂದು. ಹಾಸ್ಟೆಲ್ ಪ್ರತಿ ವರ್ಷ ಬದಲಾಗಬಹುದು. ಮೊದಲ ಕೆಲಸ ಸಿಕ್ಕಿದ ಮೇಲೆ ಬಾಡಿಗೆ ರೂಮು, ಅದೂ ಯಾರೋ ಗೆಳೆಯರ ಹೆಸರಿನಲ್ಲಿ. ಇಂಥವರನ್ನು ಪಟ್ಟಿ ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಊರು ಯಾವುದು?"

ಈ ಪ್ರಶ್ನೆಯನ್ನು ಯುವಕರ ವಿರುದ್ಧವೇ ಬಳಸಿದ್ದೂ ಉಂಟು. ಅಮೆರಿಕದ ಟೆಕ್ಸಾಸ್ ರಾಜ್ಯದ ವಾಲರ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಪ್ರೇರಿ ವ್ಯೂ ವಿಶ್ವವಿದ್ಯಾಲಯವಿದೆ. ಐತಿಹಾಸಿಕವಾಗಿ ಕಪ್ಪು ಜನರ ವಿದ್ಯಾಸಂಸ್ಥೆ. ವಯಸ್ಸಿನ ಮಿತಿ 18ಕ್ಕೆ ಇಳಿದ ಮೇಲೆ ಅಲ್ಲಿನ ವಿದ್ಯಾರ್ಥಿಗಳು ಹೆಸರು ಬರೆಸಲು ಹೋದರು. ನೋಂದಣಿ ಅಧಿಕಾರಿ ಅವರ ಮುಂದೆ ಪ್ರಶ್ನೆಗಳ ಒಂದು ಪಟ್ಟಿ ಇಟ್ಟ. ಈ ಕೌಂಟಿಯಲ್ಲಿ ನಿಮಗೆ ಮನೆ ಅಥವಾ ಆಸ್ತಿ ಇದೆಯೇ? ನಿಮ್ಮ ಕಾರು ಇಲ್ಲಿ ನೋಂದಣಿಯಾಗಿದೆಯೇ? ನಿಮ್ಮ ಹೆಸರಿನಲ್ಲಿ ಇಲ್ಲಿ ಟೆಲಿಫೋನ್ ಇದೆಯೇ? ಇಲ್ಲಿನ ಚರ್ಚಿನ, ಕ್ಲಬ್ಬಿನ ಸದಸ್ಯರೇ? ಓದು ಮುಗಿದ ಮೇಲೆ ಏನು ಮಾಡುತ್ತೀರಿ? ಇಲ್ಲಿ ಕೆಲಸ ಸಿಗುವುದು ಖಾತ್ರಿಯೇ?

ಹತ್ತೊಂಬತ್ತು ವರ್ಷದ ವಿದ್ಯಾರ್ಥಿ ಇದಕ್ಕೆಲ್ಲ "ಹೌದು" ಎನ್ನುವುದು ಹೇಗೆ? ಬೇರೆ ಯಾರಿಗೂ ಕೇಳದ ಪ್ರಶ್ನೆಗಳನ್ನು ಇವರಿಗೆ ಮಾತ್ರ ಕೇಳಲಾಗುತ್ತಿತ್ತು. ವಿಷಯ ನ್ಯಾಯಾಲಯಕ್ಕೆ ಹೋಯಿತು. ಇದು 26ನೇ ತಿದ್ದುಪಡಿಗೆ ವಿರುದ್ಧ ಎಂದು ಕೆಳಗಿನ ನ್ಯಾಯಾಲಯ ಹೇಳಿತು. 1979ರಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಎತ್ತಿಹಿಡಿಯಿತು. ವಿದ್ಯಾರ್ಥಿಗಳು ಓದುವ ಊರಿನಲ್ಲೇ ವೋಟು ಹಾಕಬಹುದು ಎಂಬ ಮಾತಿಗೆ ಅಮೆರಿಕದಲ್ಲಿ ಇಂದಿಗೂ ಇದೇ ದೊಡ್ಡ ಆಧಾರ.

ಕಾನೂನು ಗೆದ್ದರೂ ಹೆದರಿಕೆ ಹೋಗುವುದಿಲ್ಲ. 2008ರಲ್ಲಿ ವರ್ಜೀನಿಯಾ ರಾಜ್ಯದ ಒಂದು ಕೌಂಟಿಯ ಚುನಾವಣಾ ಕಚೇರಿ ವಿದ್ಯಾರ್ಥಿಗಳಿಗೆ ಎಚ್ಚರಿಕೆಯ ಪ್ರಕಟಣೆ ಕೊಟ್ಟಿತು. ಇಲ್ಲಿ ಹೆಸರು ಬರೆಸಿದರೆ ನಿಮ್ಮ ಪೋಷಕರ ತೆರಿಗೆ ವಿನಾಯಿತಿಗೆ, ನಿಮ್ಮ ವಿದ್ಯಾರ್ಥಿವೇತನಕ್ಕೆ ತೊಂದರೆಯಾದೀತು ಎನ್ನುವ ಅರ್ಥದಲ್ಲಿ. ಅಪ್ಪ ಅಮ್ಮನಿಗೆ ಹೊರೆಯಾಗುತ್ತದೆ ಎಂದು ಕೇಳಿದ ಮೇಲೆ ಯಾವ ಹುಡುಗ ಮುಂದೆ ಬರುತ್ತಾನೆ?

ಭಾರತದಲ್ಲಿ ಕಾನೂನಿನ ಮಾತು "ಸಾಮಾನ್ಯವಾಗಿ ವಾಸಿಸುವ ಸ್ಥಳ". 1950ರ ಪ್ರಜಾಪ್ರತಿನಿಧಿ ಕಾಯ್ದೆ ಇದನ್ನು ಹೇಳುತ್ತದೆ. ಹಾಸ್ಟೆಲ್‌ನಲ್ಲೋ ರೂಮಿನಲ್ಲೋ ಇದ್ದು ಓದುವ ವಿದ್ಯಾರ್ಥಿ ಅಲ್ಲಿಯೂ ಹೆಸರು ಬರೆಸಬಹುದು, ಅಪ್ಪ ಅಮ್ಮನ ಮನೆಯ ವಿಳಾಸದಲ್ಲಿಯೂ ಬರೆಸಬಹುದು. ಆಯ್ಕೆ ಅವರದ್ದೇ. ಆದರೆ ಎರಡೂ ಕಡೆ ಇರುವಂತಿಲ್ಲ. ಸುಳ್ಳು ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಆಗಬಹುದು ಎಂದು ಕಾಯ್ದೆಯಲ್ಲಿದೆ. ಅರ್ಜಿಯ ಕೊನೆಯ ಘೋಷಣೆಗೆ ಸಹಿ ಹಾಕುವಾಗ ಈ ಸಾಲು ಕಣ್ಣಿಗೆ ಬೀಳುತ್ತದೆ. ಊರಿನಲ್ಲಿ ನನ್ನ ಹೆಸರನ್ನು ಮನೆಯವರು ಆಗಲೇ ಸೇರಿಸಿದ್ದಾರೋ ಏನೋ, ಇಲ್ಲಿ ಸಹಿ ಹಾಕಿದರೆ ಅಪರಾಧವಾದೀತೇ? ಇಂಥ ಅನುಮಾನದಲ್ಲೇ ಬಹಳ ಅರ್ಜಿಗಳು ಅರ್ಧಕ್ಕೆ ನಿಲ್ಲುತ್ತವೆ. ಅನುಮಾನಕ್ಕೆ ಉತ್ತರ ಸರಳ. ಆಗಲೇ ಹೆಸರಿದ್ದರೆ ಹೊಸ ಅರ್ಜಿ ಬೇಡ, ನಮೂನೆ 8ರಲ್ಲಿ ವಿಳಾಸ ಬದಲಾವಣೆ ಕೇಳಿದರೆ ಸಾಕು. ಆದರೆ ಇದನ್ನು ಹೇಳುವವರು ಬೇಕಲ್ಲ!

ಊರಿನಲ್ಲೇ ಹೆಸರು ಇಟ್ಟುಕೊಂಡರೆ ಇನ್ನೊಂದು ಕಷ್ಟ. ಭಾರತದಲ್ಲಿ ವಿದ್ಯಾರ್ಥಿಗಳಿಗೆ ಅಂಚೆ ಮತದ ಸೌಲಭ್ಯವಿಲ್ಲ. ಪರೀಕ್ಷೆ ಇರಲಿ, ಕೆಲಸ ಇರಲಿ, ಆ ದಿನ ಊರಿಗೆ ಹೋಗಲೇಬೇಕು. ಮದುವೆಯಾಗಿ ಬೇರೆ ಊರಿಗೆ ಹೋದ ಹುಡುಗಿಯರ ಕಥೆಯೂ ಇದೇ. ತವರಿನ ಪಟ್ಟಿಯಲ್ಲಿ ಹೆಸರು ತೆಗೆಯುತ್ತಾರೆ, ಹೊಸ ಊರಿನ ಪಟ್ಟಿಗೆ ಸೇರಿಸಲು ಮನೆಯಲ್ಲಿ ಯಾರಾದರೂ ಆಸಕ್ತಿ ತೋರಿಸಬೇಕು. ನಡುವೆ ಒಂದೆರಡು ಚುನಾವಣೆ ಕಳೆದುಹೋಗುತ್ತವೆ.

ತಾನಾಗಿಯೇ ನೋಂದಣಿಯಾಗುವ ದೇಶಗಳಿಗೂ ವಿಳಾಸದ ಕಾಟ ತಪ್ಪಿಲ್ಲ. ಫ್ರಾನ್ಸಿನಲ್ಲಿ 1997ರ ಕಾನೂನಿನಿಂದ ಹದಿನೆಂಟು ತುಂಬಿದವರು ತಾವಾಗಿಯೇ ಪಟ್ಟಿಗೆ ಬರುತ್ತಾರೆ. ಆದರೆ ಹೆಸರು ಸೇರುವುದು ಹದಿನಾರರ ವಯಸ್ಸಿನಲ್ಲಿ ಕೊಟ್ಟ ವಿಳಾಸಕ್ಕೆ, ಅಂದರೆ ಅಪ್ಪ ಅಮ್ಮನ ಮನೆಗೆ. ಓದಲು ನೂರಾರು ಕಿಲೋಮೀಟರ್ ದೂರ ಹೋದವರು ಪಟ್ಟಿಯಲ್ಲಿ ಇದ್ದಾರೆ, ತಾವಿರುವ ಜಾಗದಲ್ಲಿ ಇಲ್ಲ. ಅಲ್ಲಿನ ಸಂಶೋಧಕರು ಈ ತಪ್ಪು ಜಾಗದ ನೋಂದಣಿಯನ್ನು ನೋಂದಣಿಯೇ ಇಲ್ಲದಷ್ಟು ಗಂಭೀರವಾಗಿ ನೋಡುತ್ತಾರೆ. ಜಪಾನಿನಲ್ಲಿ ಪಟ್ಟಿ ನಿವಾಸಿಗಳ ದಾಖಲೆಯಿಂದ ಬರುತ್ತದೆ, ಒಂದು ಊರಿನ ಪಟ್ಟಿಗೆ ಸೇರಲು ಅಲ್ಲಿ ಮೂರು ತಿಂಗಳು ವಾಸವಿರಬೇಕು. ಎಷ್ಟೋ ವಿದ್ಯಾರ್ಥಿಗಳು ತಮ್ಮ ದಾಖಲೆಯನ್ನು ಊರಿನಲ್ಲೇ ಬಿಟ್ಟು ಬಂದಿರುತ್ತಾರೆ.

ಬ್ರಿಟನ್ ಇದಕ್ಕೆ ಒಳ್ಳೆಯ ದಾರಿ ಹುಡುಕಿದೆ. ವಿದ್ಯಾರ್ಥಿಗಳು ಮನೆಯ ವಿಳಾಸದಲ್ಲೂ ಓದುವ ಊರಿನ ವಿಳಾಸದಲ್ಲೂ ಹೆಸರು ಬರೆಸಬಹುದು. ಸಂಸತ್ತಿನ ಚುನಾವಣೆಯಲ್ಲಿ ವೋಟು ಮಾತ್ರ ಒಂದೇ ಕಡೆ. ಎರಡು ಕಡೆ ಹೆಸರಿರುವುದು ಬೇರೆ, ಎರಡು ಕಡೆ ವೋಟು ಹಾಕುವುದು ಬೇರೆ ಎಂದು ಆ ಕಾನೂನು ಗುರುತಿಸಿದೆ.

ಗಡುವು ಮುಗಿದ ಮೇಲೆ ಬರುವ ಆಸಕ್ತಿ

ಚುನಾವಣೆಯ ಕಾವು ಏರುವುದು ಕೊನೆಯ ಎರಡು ಮೂರು ವಾರಗಳಲ್ಲಿ. ಗೆಳೆಯರ ನಡುವೆ ಮಾತು ಶುರುವಾಗುತ್ತದೆ, ಅಭ್ಯರ್ಥಿಗಳು ಯಾರು ಎಂದು ಗೊತ್ತಾಗುತ್ತದೆ. ಮೊದಲ ಸಲ ವೋಟು ಹಾಕುವವರಿಗೆ "ಹೌದು, ನಾನೂ ಹಾಕಬೇಕು" ಎನ್ನಿಸುವುದು ಆಗಲೇ. ಅಷ್ಟು ಹೊತ್ತಿಗೆ ನೋಂದಣಿ ಮುಗಿದಿರುತ್ತದೆ. ಬ್ರಿಟನ್ನಿನಲ್ಲಿ ಮತದಾನಕ್ಕೆ 12 ಕೆಲಸದ ದಿನ ಮುಂಚೆ ಗಡುವು. ಅಮೆರಿಕದ ಕೆಲವು ರಾಜ್ಯಗಳಲ್ಲಿ 30 ದಿನ ಮುಂಚೆ. ಬ್ರೆಜಿಲ್‌ನಲ್ಲಿ ಸುಮಾರು 150 ದಿನ ಮುಂಚೆ! ಭಾರತದಲ್ಲಿ ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ನಂತರ ಆ ಚುನಾವಣೆಗೆ ಹೆಸರು ಸೇರಿಸುವಂತಿಲ್ಲ. ಅರ್ಜಿ ಪರಿಶೀಲನೆಗೆ ಸಮಯ ಬೇಕಾದ್ದರಿಂದ ಅದಕ್ಕೂ ಮೊದಲೇ ಕೊಟ್ಟಿರಬೇಕು.

ಗಡುವನ್ನು ಬಿಗಿ ಮಾಡಿದರೆ ಯಾರಿಗೆ ಏಟು ಬೀಳುತ್ತದೆ ಎನ್ನುವುದು ಆಸ್ಟ್ರೇಲಿಯಾದಲ್ಲಿ ಸ್ಪಷ್ಟವಾಗಿ ಕಂಡಿತು. ಅಲ್ಲಿ ನೋಂದಣಿ 1911ರಿಂದಲೂ ಕಡ್ಡಾಯ. ಚುನಾವಣೆಯ ಅಧಿಕೃತ ಆದೇಶ ಹೊರಟ ಮೇಲೂ ಹೆಸರು ಬರೆಸಲು ಏಳು ದಿನ ಸಿಗುತ್ತಿತ್ತು. 2006ರಲ್ಲಿ ಕಾನೂನು ಬದಲಾಯಿಸಿ, ಹೊಸಬರಿಗೆ ಆದೇಶ ಹೊರಟ ದಿನದ ರಾತ್ರಿ 8 ಗಂಟೆಗೇ ಬಾಗಿಲು ಮುಚ್ಚುವಂತೆ ಮಾಡಿದರು. 2010ರಲ್ಲಿ ಚುನಾವಣೆ ಘೋಷಣೆಯಾದಾಗ, ಕೆಲವೇ ವಾರಗಳ ಹಿಂದೆ ಹದಿನೆಂಟು ತುಂಬಿದ್ದ ಯುವತಿಯೊಬ್ಬಳು ಹೀಗೆ ಹೊರಗುಳಿದಳು. ಅವಳು ಹೈಕೋರ್ಟಿಗೆ ಹೋದಳು, ಆಸ್ಟ್ರೇಲಿಯಾದಲ್ಲಿ ಅದೇ ಅತ್ಯುನ್ನತ ನ್ಯಾಯಾಲಯ. ಮತದಾನಕ್ಕೆ ಎರಡು ವಾರ ಇರುವಾಗ ಆಗಸ್ಟ್ 6ರಂದು ನ್ಯಾಯಾಲಯ ಆ ನಿಯಮವನ್ನು ರದ್ದು ಮಾಡಿತು. ಸುಮಾರು ಒಂದು ಲಕ್ಷ ಜನರಿಗೆ ಇದರಿಂದ ಹಕ್ಕು ಸಿಕ್ಕಿತು. ಅವರೆಲ್ಲ ಏಳು ದಿನದೊಳಗೆ ಅರ್ಜಿ ಕೊಟ್ಟವರೇ. ಆಸಕ್ತಿ ಇಲ್ಲದವರು ಎಂದು ಅವರನ್ನು ಯಾರೂ ಕರೆಯಲಾಗದು.

ಭಾರತದಲ್ಲಿ ಬಹಳ ಕಾಲ ಇನ್ನೊಂದು ಬಗೆಯ ತಾರೀಖಿನ ತೊಡಕಿತ್ತು. ಆ ವರ್ಷದ ಜನವರಿ 1ಕ್ಕೆ 18 ತುಂಬಿದ್ದವರು ಮಾತ್ರ ಅರ್ಹರು. ಜನವರಿ 2ರಂದು ಹುಟ್ಟಿದವರು? ಒಂದೇ ದಿನದ ವ್ಯತ್ಯಾಸಕ್ಕೆ ಹತ್ತಿರ ಹತ್ತಿರ ಒಂದು ವರ್ಷ ಕಾಯಬೇಕು, ಆ ನಡುವೆ ಚುನಾವಣೆ ಬಂದರೆ ಕೈತಪ್ಪಿತು. 2021ರ ತಿದ್ದುಪಡಿಯಿಂದ ಇದು ಸುಧಾರಿಸಿತು. 2022ರ ಆಗಸ್ಟ್ 1ರಿಂದ ವರ್ಷಕ್ಕೆ ನಾಲ್ಕು ತಾರೀಖುಗಳಿವೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ಹದಿನೇಳು ದಾಟಿದವರು ಮುಂಚಿತವಾಗಿ ಅರ್ಜಿ ಕೊಟ್ಟಿಡಬಹುದು. ಇದು ನಿಜಕ್ಕೂ ಒಳ್ಳೆಯ ಬದಲಾವಣೆ. ಇದು ಗೊತ್ತಿರುವ ಹದಿನೇಳರ ಮಕ್ಕಳು ಎಷ್ಟು ಜನ ಸಿಕ್ಕಾರು ಎನ್ನುವುದೇ ನನ್ನ ಚಿಂತೆ.

ಗಡುವೇ ಇಲ್ಲದೆ ನಡೆಸಲು ಸಾಧ್ಯವೇ ಎಂದು ಕೇಳಿದರೆ, ಸಾಧ್ಯ. ಅಮೆರಿಕದ ಮೇನ್, ಮಿನೆಸೋಟ, ವಿಸ್ಕಾನ್ಸಿನ್ ರಾಜ್ಯಗಳು 1970ರ ದಶಕದಿಂದಲೂ ಮತದಾನದ ದಿನವೇ ನೋಂದಣಿ ಮಾಡಿಕೊಳ್ಳುತ್ತಿವೆ. ಕೆನಡಾದಲ್ಲೂ ಗುರುತಿನ ದಾಖಲೆ ತೋರಿಸಿ ಮತಗಟ್ಟೆಯಲ್ಲೇ ಹೆಸರು ಬರೆಸಿ, ಅಲ್ಲೇ ವೋಟು ಹಾಕಬಹುದು.

ಕಾಗದಕ್ಕೆ ಕಾಗದ

ವಯಸ್ಸಿಗೆ ಒಂದು ದಾಖಲೆ, ವಿಳಾಸಕ್ಕೆ ಒಂದು ದಾಖಲೆ. ಕೇಳಲು ಇಷ್ಟೇ. ಆದರೆ ಕರೆಂಟ್ ಬಿಲ್ ಮನೆಯ ಮಾಲೀಕರ ಹೆಸರಿನಲ್ಲಿ ಇರುತ್ತದೆ. ಬಾಡಿಗೆ ಕರಾರನ್ನು ನೋಂದಣಿ ಮಾಡಿಸಿಕೊಡಿ ಎಂದರೆ ಮಾಲೀಕರು ಒಪ್ಪುವುದಿಲ್ಲ. ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಹಳೆಯ ಊರಿನ ವಿಳಾಸ, ಅದನ್ನು ಬದಲಾಯಿಸಲು ಹೋದರೆ ಅವರೂ ಹೊಸ ವಿಳಾಸದ ದಾಖಲೆ ಕೇಳುತ್ತಾರೆ. ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ಹೆಸರಿನ ಗೋಳು ಬೇರೆ. ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಇನ್ನೊಂದರಲ್ಲಿ ಅಪ್ಪನ ಹೆಸರು ಪೂರ್ತಿ.

ಈ ಅಕ್ಷರದ ವ್ಯತ್ಯಾಸ ಚಿಕ್ಕದಲ್ಲ. ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಅರ್ಜಿಯ ಹೆಸರು ಸರ್ಕಾರಿ ದಾಖಲೆಯ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು ಎಂಬ ನಿಯಮವಿತ್ತು. ಹೆಸರಿನ ನಡುವೆ ಒಂದು ಅಡ್ಡಗೆರೆ ಬಿಟ್ಟುಹೋದರೂ ಅರ್ಜಿ ನಿಲ್ಲುತ್ತಿತ್ತು. 2018ರಲ್ಲಿ ಹೀಗೆ ತಡೆಹಿಡಿದ ಅರ್ಜಿಗಳು ಸುಮಾರು 53 ಸಾವಿರ. ಅದರಲ್ಲಿ ಬಹುಪಾಲು ಕಪ್ಪು ಜನರದ್ದು.

ಕೀನ್ಯಾದಲ್ಲಿ ಕಷ್ಟ ಇನ್ನೂ ಹಿಂದಿನಿಂದ ಶುರು. ಅಲ್ಲಿ ಮತದಾರರಾಗಬೇಕಾದರೆ ರಾಷ್ಟ್ರೀಯ ಗುರುತಿನ ಚೀಟಿಯೋ ಪಾಸ್‌ಪೋರ್ಟೋ ಬೇಕು. ಸೊಮಾಲಿ, ನುಬಿಯನ್ ಮುಂತಾದ ಸಮುದಾಯಗಳ ಯುವಕರು ಚೀಟಿಗಾಗಿ ದಶಕಗಳ ಕಾಲ ಬೇರೆಯವರಿಗಿಲ್ಲದ ವಿಶೇಷ ತಪಾಸಣೆ ಎದುರಿಸಿದರು. ಚೀಟಿ ತಡವಾದರೆ ವೋಟೂ ತಡ.

ಕಂಪ್ಯೂಟರ್ ಬಂದ ಮೇಲೆ ಎಲ್ಲ ಸುಲಭವಾಯಿತು ಎಂದುಕೊಳ್ಳುತ್ತೇವೆ. ಅಮೆರಿಕದ ಬಹಳಷ್ಟು ರಾಜ್ಯಗಳಲ್ಲಿ ಆನ್‌ಲೈನ್ ನೋಂದಣಿಗೆ ಆ ರಾಜ್ಯದ್ದೇ ಚಾಲನಾ ಪರವಾನಗಿ ಅಥವಾ ಗುರುತಿನ ಚೀಟಿ ಬೇಕು. ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿ, ಗಾಡಿ ಓಡಿಸದ ಯುವತಿ ಮತ್ತೆ ಕಾಗದದ ಫಾರಂ ಹುಡುಕಬೇಕು.

ಆದರೆ ಕಾಗದ ಇಲ್ಲದಿದ್ದರೂ ದಾರಿ ಇರಬಹುದು ಎನ್ನುವುದಕ್ಕೆ ಭಾರತದ ಒಂದು ನಿಯಮ ನನಗೆ ತುಂಬಾ ಇಷ್ಟ. ಮನೆಯೇ ಇಲ್ಲದವರು ಅರ್ಜಿ ಕೊಟ್ಟರೆ, ಅವರು ಹೇಳಿದ ಜಾಗಕ್ಕೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಅವರು ನಿಜವಾಗಿ ಅಲ್ಲೇ ಮಲಗುತ್ತಾರೆಯೇ ಎಂದು ನೋಡಬೇಕು. ಅಷ್ಟು ಖಾತ್ರಿಯಾದರೆ ವಿಳಾಸಕ್ಕೆ ಬೇರೆ ದಾಖಲೆ ಬೇಡ. ಅಧಿಕಾರಿಯೇ ಹೋಗಿ ನೋಡುವುದಾದರೆ ಕಾಗದದ ಹಟ ಬೇಕಿಲ್ಲ. ಬಾಡಿಗೆ ರೂಮಿನ ಹುಡುಗರ ವಿಷಯದಲ್ಲೂ ಇದೇ ಉದಾರತೆ ಎಲ್ಲ ಕಡೆ ಕಾಣಬೇಕು.

ಹೆಸರು ಜಾರುವುದು

ಸೇರಿದ ಹೆಸರು ಹೋಗುವುದೂ ಉಂಟು. ಬ್ರಿಟನ್ನಿನಲ್ಲಿ 2014ರವರೆಗೆ ಮನೆಯ ಒಬ್ಬರು ಎಲ್ಲರ ಹೆಸರನ್ನೂ ಬರೆದುಕೊಡುತ್ತಿದ್ದರು, ವಿಶ್ವವಿದ್ಯಾಲಯಗಳು ಹಾಸ್ಟೆಲಿನ ವಿದ್ಯಾರ್ಥಿಗಳನ್ನು ಒಟ್ಟಿಗೆ ಸೇರಿಸುತ್ತಿದ್ದವು. ಆಮೇಲೆ ಪ್ರತಿಯೊಬ್ಬರೂ ತಾವೇ ಬರೆಸಬೇಕೆಂಬ ನಿಯಮ ಬಂತು. ಮೋಸ ತಡೆಯುವ ಉದ್ದೇಶ ಒಪ್ಪತಕ್ಕದ್ದೇ. ಆದರೆ ವಿದ್ಯಾರ್ಥಿಗಳಿರುವ ಊರುಗಳ ಪಟ್ಟಿ ಕುಗ್ಗಿತು. ಆಗ ಶೆಫೀಲ್ಡ್ ವಿಶ್ವವಿದ್ಯಾಲಯ ಒಂದು ಸರಳ ಕೆಲಸ ಮಾಡಿತು. ವರ್ಷದ ಆರಂಭದಲ್ಲಿ ವಿದ್ಯಾರ್ಥಿಗಳು ಕಾಲೇಜಿಗೆ ದಾಖಲಾಗುವ ಆನ್‌ಲೈನ್ ಪ್ರಕ್ರಿಯೆಯಲ್ಲೇ ಮತದಾರ ನೋಂದಣಿಯನ್ನೂ ಸೇರಿಸಿತು. ಹೇಗೂ ತುಂಬುವ ಫಾರಂ, ಅದರಲ್ಲೇ ಇದೂ ಒಂದು. ಬೇರೆ ವಿಶ್ವವಿದ್ಯಾಲಯಗಳಿಗೆ ಇದು ಮಾದರಿಯಾಯಿತು.

ಅಮೆರಿಕದ ಓಹಿಯೋದಲ್ಲಿ ಎರಡು ವರ್ಷ ವೋಟು ಹಾಕದವರಿಗೆ ಅಂಚೆಯಲ್ಲಿ ಒಂದು ನೋಟಿಸು ಹೋಗುತ್ತದೆ. ಉತ್ತರ ಕೊಡದೆ, ಮುಂದಿನ ನಾಲ್ಕು ವರ್ಷವೂ ವೋಟು ಹಾಕದಿದ್ದರೆ ಹೆಸರು ತೆಗೆಯುತ್ತಾರೆ. 2018ರಲ್ಲಿ ಸುಪ್ರೀಂ ಕೋರ್ಟ್ ಇದು ಸರಿ ಎಂದಿತು. ರೂಮು ಬದಲಾಯಿಸುತ್ತಲೇ ಇರುವವರಿಗೆ ಆ ಅಂಚೆ ತಲುಪುವುದೇ ಕಷ್ಟ. ಸತ್ತವರ, ಊರು ಬಿಟ್ಟವರ ಹೆಸರು ತೆಗೆದು ಪಟ್ಟಿಯನ್ನು ಚೊಕ್ಕಟವಾಗಿ ಇಡಬೇಕು, ಅದರಲ್ಲಿ ಎರಡು ಮಾತಿಲ್ಲ. ಊರು ಬಿಟ್ಟವರನ್ನು ಒಂದು ಕಡೆ ಅಳಿಸಿದ ಹಾಗೆಯೇ ಇನ್ನೊಂದು ಕಡೆ ಸೇರಿಸುವ ಏರ್ಪಾಡೂ ಇರಬೇಕು, ನಾನು ಕೇಳುವುದು ಅಷ್ಟೇ.

"ಒಂದು ಫಾರಂ ತುಂಬಲಾಗದವರಿಗೆ ವೋಟು ಯಾಕೆ?" ಎನ್ನುವವರಿದ್ದಾರೆ. ಆ ಫಾರಂ ಎಲ್ಲರಿಗೂ ಒಂದೇ ತೂಕದ್ದಲ್ಲ. ಮೂವತ್ತು ವರ್ಷ ಒಂದೇ ಮನೆಯಲ್ಲಿರುವವರು ಅದನ್ನು ಒಮ್ಮೆ ತುಂಬಿ ಮರೆತಿರುತ್ತಾರೆ. ಇಪ್ಪತ್ತೆರಡರ ಹುಡುಗಿ ಪ್ರತಿ ಸಲ ಮನೆ ಬದಲಾಯಿಸಿದಾಗಲೂ ಮತ್ತೆ ತುಂಬಬೇಕು. ಹಾಗೆ ನೋಡಿದರೆ ದಾರಿ ಸಲೀಸಾದಾಗ ಯುವಕರು ಬಂದದ್ದಕ್ಕೆ ಸಾಕ್ಷಿಯಿದೆ. ಬ್ರೆಜಿಲ್‌ನಲ್ಲಿ 16–17ರ ಮಕ್ಕಳಿಗೆ ವೋಟು ಕಡ್ಡಾಯವಲ್ಲ. ಆದರೂ 2022ರ ಮೊದಲ ನಾಲ್ಕು ತಿಂಗಳಲ್ಲಿ 16ರಿಂದ 18ರ ವಯಸ್ಸಿನ 20 ಲಕ್ಷಕ್ಕೂ ಜಾಸ್ತಿ ಮಂದಿ ಹೊಸದಾಗಿ ಹೆಸರು ಬರೆಸಿದರು. ಆನ್‌ಲೈನ್ ಅರ್ಜಿ ಇತ್ತು, ದೊಡ್ಡ ಪ್ರಚಾರ ನಡೆದಿತ್ತು, ಕಲಾವಿದರೂ ದನಿಗೂಡಿಸಿದ್ದರು. ಆಸ್ಟ್ರೇಲಿಯಾದಲ್ಲಿ 2017ರಲ್ಲಿ ಸಲಿಂಗ ವಿವಾಹಕ್ಕೆ ಕಾನೂನಿನ ಮಾನ್ಯತೆ ಬೇಕೇ ಎಂದು ಜನರನ್ನು ಕೇಳಿದ ಅಂಚೆ ಸಮೀಕ್ಷೆಗೆ ಮೊದಲು 90 ಸಾವಿರಕ್ಕೂ ಜಾಸ್ತಿ ಹೊಸ ಹೆಸರುಗಳು ಸೇರಿದವು, ಹೆಚ್ಚಿನವರು ಯುವಜನರು.

ಈಗ ಮಾಡಬೇಕಾದ್ದು

ಚುನಾವಣೆ ಘೋಷಣೆಯಾಗಲಿ ಎಂದು ಕಾಯಬೇಡಿ. ಯಾವ ದೇಶದಲ್ಲಿದ್ದರೂ ಇದು ಮೊದಲ ಮಾತು. ಹದಿನೆಂಟು ತುಂಬುವ ಮೊದಲೇ ಅರ್ಜಿ ತೆಗೆದುಕೊಳ್ಳುವ ದೇಶಗಳು ಹಲವು. ಆಸ್ಟ್ರೇಲಿಯಾದಲ್ಲಿ 16ಕ್ಕೆ, ಭಾರತದಲ್ಲಿ 17ಕ್ಕೆ. ಕೆನಡಾ 14 ದಾಟಿದವರಿಗೆ ಭಾವಿ ಮತದಾರರ ಪಟ್ಟಿಯನ್ನೇ ಇಟ್ಟಿದೆ.

ಭಾರತದಲ್ಲಿರುವವರು ಮೊದಲು ಚುನಾವಣಾ ಆಯೋಗದ ಮತದಾರರ ಜಾಲತಾಣದಲ್ಲಿ ನಿಮ್ಮ ಹೆಸರು ಆಗಲೇ ಇದೆಯೇ ಎಂದು ಹುಡುಕಿ. ಇಲ್ಲದಿದ್ದರೆ ನಮೂನೆ 6. ಇದ್ದು, ಊರು ಬದಲಾಗಿದ್ದರೆ ಅಥವಾ ಅಕ್ಷರ ತಪ್ಪಿದ್ದರೆ ನಮೂನೆ 8. ಹಾಸ್ಟೆಲ್ಲೋ ಮನೆಯೋ ಎಂದು ತೀರ್ಮಾನಿಸುವಾಗ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಮತದಾನದ ದಿನ ನಾನು ಎಲ್ಲಿರುವ ಸಾಧ್ಯತೆ ಜಾಸ್ತಿ? ಹೆಸರನ್ನು ದಾಖಲೆಯಲ್ಲಿ ಇರುವ ಹಾಗೆಯೇ ಬರೆಯಿರಿ. ಅರ್ಜಿ ಸಂಖ್ಯೆಯನ್ನು ಫೋನಿನಲ್ಲಿ ಉಳಿಸಿಕೊಳ್ಳಿ. ಪರಿಶೀಲನೆಗೆ ಬಂದಾಗ ನೀವು ಸಿಗದಿದ್ದರೆ ಅರ್ಜಿ ತಿರಸ್ಕಾರವಾಗಬಹುದು, ಆದ್ದರಿಂದ ಬೂತ್ ಮಟ್ಟದ ಅಧಿಕಾರಿಯ ನಂಬರನ್ನು ಮೊದಲೇ ಪಡೆದು ಮಾತಾಡಿಕೊಳ್ಳುವುದು ಒಳ್ಳೆಯದು. ಅರ್ಜಿ ಸ್ವೀಕಾರವಾಯಿತು ಎಂಬ ಸಂದೇಶ ಬಂದ ಮೇಲೂ ಪಟ್ಟಿಯಲ್ಲಿ ಹೆಸರು ಕಾಣುವವರೆಗೆ ಆಗಾಗ ನೋಡುತ್ತಿರಿ. ಗುರುತಿನ ಚೀಟಿ ಕೈಯಲ್ಲಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಚೀಟಿ ಇದ್ದು ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ವೋಟು ಹಾಕಲು ಬಿಡುವುದಿಲ್ಲ. ಪಟ್ಟಿಯಲ್ಲಿ ಹೆಸರಿದ್ದು ಚೀಟಿ ಇಲ್ಲದಿದ್ದರೆ, ಆಯೋಗ ಒಪ್ಪುವ ಬೇರೆ ಗುರುತಿನ ದಾಖಲೆ ತೋರಿಸಿ ಹಾಕಬಹುದು.